ಹಾಡಿನ ಕಟ್ಟೆ: ಮರಳಿ ಬಂದ ದನಿಗಳು

ಹೋದ ಸಂಚಿಕೆಯ ಕೊನೆಗೆ "ಅಮೆರಿಕದ ಕಂಟ್ರಿ ಹಾಡುಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ" ಅಂತ ಒಂದು ಸಾಲು ಹಾಕಿದ್ದೆ. ಕಂಟ್ರಿ ಅಂದರೆ ಅಲ್ಲಿನ ಹಳ್ಳಿಗಾಡಿನಿಂದ ಬೆಳೆದ ಹಾಡಿನ ಬಗೆ. ಬಂದ ಪತ್ರ, ವಾಟ್ಸಾಪ್ ಸಂದೇಶ ನೋಡಿ ತುಂಬಾ ಖುಷಿಯಾಯಿತು. 2025ರ ಫೆಬ್ರವರಿ 3ರ ಸೋಮವಾರ ಬೆಳಿಗ್ಗೆ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿಗಳಾದ ಗ್ರ್ಯಾಮಿಗಳು ಹೊರಬಿದ್ದ ಮೇಲಂತೂ ಇನ್ನೂ ಜಾಸ್ತಿ ಬಂದವು. ಹೆಚ್ಚುಕಮ್ಮಿ ಎಲ್ಲವೂ 2024ರ ಹಾಡುಗಳ ಬಗ್ಗೆಯೇ ಇವೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಸೇರಿಸಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಹೆಚ್ಚು. ಅದಕ್ಕೆ ಎಲ್ಲರದೂ ಬರೀ ಬಡಾವಣೆ ಕೊಟ್ಟಿದ್ದೇನೆ.

ಪ್ರಶ್ನೆ: ಮಗಳು ಪಿಯು ಓದುತ್ತಿದ್ದಾಳೆ. ವರ್ಷವೆಲ್ಲಾ ಒಂದು ಬಾರಿನ ಹಾಡು ಹಾಕಿಕೊಂಡು ಬೆರಳು ಎಣಿಸುತ್ತಾ ಕುಣಿದಳು. ಹಾಡಿದವನ ಹೆಸರು ಶಬೂಜಿ ಅಂತೆ. ಇದೆಂಥ ಹೆಸರು ಮೇಡಂ? ಅದು ಕಂಟ್ರಿ ಹೌದಾ?
– ಕೆಂಗೇರಿ ಉಪನಗರ

ಹೌದು, ಕಂಟ್ರಿಯೇ. ಹೆಸರಿನ ಕಥೆ ಮೊದಲು ಹೇಳುತ್ತೇನೆ. ಅವರ ನಿಜವಾದ ಹೆಸರು ಕಾಲಿನ್ಸ್ ಒಬಿನ್ನಾ ಚಿಬುಯೆಜೆ. ಹುಟ್ಟಿದ್ದು ವರ್ಜೀನಿಯಾದಲ್ಲಿ. ತಂದೆ ತಾಯಿ ನೈಜೀರಿಯಾದಿಂದ ಬಂದವರು, ಇಗ್ಬೊ ಜನ. ಚಿಬುಯೆಜೆ ಅಂದರೆ ಆ ಭಾಷೆಯಲ್ಲಿ 'ದೇವರೇ ರಾಜ'. ಸ್ಕೂಲಿನ ಫುಟ್‌ಬಾಲ್ ಕೋಚ್‌ಗೆ ಅದು ಬಾಯಿಗೆ ಹತ್ತಲಿಲ್ಲ, ಏನೋ ಒಂದು ಕರೆದರು. ಅದೇ ಶಬೂಜಿ ಆಯಿತು. ಹುಡುಗ ಆ ತಪ್ಪು ಹೆಸರನ್ನೇ ಇಟ್ಟುಕೊಂಡು ದೊಡ್ಡವನಾದ.

2024ರ ಏಪ್ರಿಲ್‌ನಲ್ಲಿ ಬಂದ 'ಎ ಬಾರ್ ಸಾಂಗ್' ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಅನ್ನುವ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 19 ವಾರ ಮೊದಲನೇ ಸ್ಥಾನದಲ್ಲಿತ್ತು. ಅದಕ್ಕೆ ಮುಂಚೆ ಅಷ್ಟು ವಾರ ನಿಂತಿದ್ದದ್ದು ಒಂದೇ ಹಾಡು, 2019ರ 'ಓಲ್ಡ್ ಟೌನ್ ರೋಡ್'. ಅದೂ ಒಬ್ಬ ಕಪ್ಪು ಹುಡುಗ ಹಾಡಿದ ಕಂಟ್ರಿ ಹಾಡೇ. ನಿಮ್ಮ ಮಗಳು ಬೆರಳು ಎಣಿಸುತ್ತಾಳಲ್ಲ, ಆ ಎಣಿಕೆ 2004ರ 'ಟಿಪ್ಸಿ' ಅನ್ನುವ ರ‍್ಯಾಪ್ ಹಾಡಿನದ್ದು. ಅದನ್ನು ತಂದು ಪಿಟೀಲು, ಗಿಟಾರು, ಚಪ್ಪಾಳೆ ಮೇಲೆ ಕೂರಿಸಿದ್ದಾರೆ.

ಒಂದು ಸಲ ಮಗಳ ಜೊತೆ ಕೂತು ಮಾತುಗಳನ್ನು ಕೇಳಿ. ಪೆಟ್ರೋಲ್ ಬೆಲೆ, ದಿನಸಿ ಬೆಲೆ, ಎಷ್ಟು ದುಡಿದರೂ ಸಾಲದ ಸಂಬಳ, ಸಾಯಂಕಾಲವಾದರೆ ಸಾಕಪ್ಪಾ ಅನ್ನುವ ಸುಸ್ತು. ಕುಣಿಯುವ ತಾಳದ ಕೆಳಗೆ ಇದೆಲ್ಲಾ ಇದೆ. ನಮ್ಮ ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಸ್ಸಿಗೆ ನಿಂತವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಬಿಯಾನ್ಸೆ ಪಾಪ್ ಗಾಯಕಿ ಅಲ್ವಾ? ಅವರಿಗೆ ಕಂಟ್ರಿಯ ಗ್ರ್ಯಾಮಿ ಕೊಟ್ಟದ್ದು ಸರಿಯೇ? ದೊಡ್ಡ ಹೆಸರು ಅಂತ ಕೊಟ್ಟರು ಅನ್ನಿಸುತ್ತದೆ.
– ಬಸವನಗುಡಿ (ಇದೇ ಅರ್ಥದ ಪ್ರಶ್ನೆ ಜಯನಗರ, ಆರ್.ಟಿ. ನಗರ, ಹೆಬ್ಬಾಳದಿಂದಲೂ ಬಂದಿದೆ)

ಸರಿ ಅನ್ನುವವರಲ್ಲಿ ನಾನೂ ಒಬ್ಬಳು. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು.

ಅವರ ಹಾಡು 'ಟೆಕ್ಸಸ್ ಹೋಲ್ಡ್ ಎಮ್' ಬಂದದ್ದು 2024ರ ಫೆಬ್ರವರಿ 11ರಂದು. ಮೊದಲ ಕ್ಷಣದಲ್ಲೇ ಕೇಳಿಸುವುದು ಬ್ಯಾಂಜೊ ಅನ್ನುವ ತಂತಿವಾದ್ಯ. ನುಡಿಸಿದವರು ರಿಯಾನನ್ ಗಿಡೆನ್ಸ್. ಇವರು ಬರೀ ವಾದ್ಯ ನುಡಿಸುವವರಲ್ಲ, ಬ್ಯಾಂಜೊ ಎಲ್ಲಿಂದ ಬಂತು ಅಂತ ವರ್ಷಗಟ್ಟಲೆ ಹುಡುಕಿ ಜನರಿಗೆ ಹೇಳುತ್ತಾ ಬಂದವರು. ಬ್ಯಾಂಜೊ ಅಂದರೆ ಬಿಳಿ ರೈತ, ಹುಲ್ಲಿನ ಟೋಪಿ ಅಂತ ಎಲ್ಲರ ಕಣ್ಣಿಗೂ ಬರುತ್ತದೆ. ಆದರೆ ಅದರ ಮೂಲ ಪಶ್ಚಿಮ ಆಫ್ರಿಕಾ. ಗುಲಾಮರಾಗಿ ಹಿಡಿದು ತಂದ ಜನ ತಮ್ಮ ಊರಿನ ವಾದ್ಯವನ್ನು ನೆನಪಿನಿಂದಲೇ ಮತ್ತೆ ಮಾಡಿಕೊಂಡರು. ಸೋರೆ ಬುರುಡೆ, ಅದಕ್ಕೆ ಬಿಗಿದ ಚರ್ಮ, ಒಂದು ಕೋಲು, ತಂತಿ. ನಮ್ಮ ತತ್ವಪದದವರ ಏಕತಾರಿ ನೆನಪಿಗೆ ಬರುತ್ತದೆ ಅಲ್ವಾ? ಆಮೇಲೆ ಬಿಳಿಯರು ಅದನ್ನು ಕಲಿತರು, ತಮ್ಮದು ಮಾಡಿಕೊಂಡರು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಬಿಳಿಯರ ಹಾಡಿಗೆ ಒಂದು ಪಟ್ಟಿ, ಕರಿಯರ ಹಾಡಿಗೆ ಇನ್ನೊಂದು ಪಟ್ಟಿ ಮಾಡಿ ಮಾರತೊಡಗಿದವು. ಒಂದೇ ಜಗಲಿಯಲ್ಲಿ ಕೂತು ಹಾಡುತ್ತಿದ್ದವರ ನಡುವೆ ಅಂಗಡಿಯವರು ಗೋಡೆ ಕಟ್ಟಿದರು.

ನ್ಯಾಶ್‌ವಿಲ್‌ನ 'ಗ್ರ್ಯಾಂಡ್ ಓಲ್ ಓಪ್ರಿ' ಅನ್ನುವ ಕಂಟ್ರಿ ಹಾಡುಗಳ ರೇಡಿಯೋ ಕಾರ್ಯಕ್ರಮಕ್ಕೆ 2025ರ ನವೆಂಬರ್‌ನಲ್ಲಿ 100 ವರ್ಷ ತುಂಬಿತು. ಅದರ ಮೊದಮೊದಲ ದೊಡ್ಡ ತಾರೆಯರಲ್ಲಿ ಡಿಫೋರ್ಡ್ ಬೈಲಿ ಒಬ್ಬರು. ಕಪ್ಪು ಜನಾಂಗದವರು, ಮೌತ್ ಆರ್ಗನ್‌ನಲ್ಲಿ ರೈಲು ಓಡಿಸಿಬಿಡುತ್ತಿದ್ದರು. 1941ರಲ್ಲಿ ಅವರನ್ನು ಕೈಬಿಟ್ಟರು. ಆಮೇಲೆ ಅದೇ ಊರಿನಲ್ಲಿ ಶೂ ಪಾಲಿಶ್ ಅಂಗಡಿ ಇಟ್ಟುಕೊಂಡು ಬದುಕಿದರು. ಕಂಟ್ರಿಯ ಹಿರಿಯರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2005ರಲ್ಲಿ. ಆಗ ಅವರು ಇರಲೇ ಇಲ್ಲ.

ಈಗ ಲಿಂಡಾ ಮಾರ್ಟೆಲ್ ವಿಷಯ. ಈ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಓಪ್ರಿ ವೇದಿಕೆಯಲ್ಲಿ ಒಬ್ಬರೇ ನಿಂತು ಹಾಡಿದ ಮೊದಲ ಕಪ್ಪು ಮಹಿಳೆ ಇವರು. 1969ರಲ್ಲಿ. ಮರುವರ್ಷ ಒಂದು ಆಲ್ಬಂ ಬಂತು. ಅದೊಂದೇ. ಹಾಡಲು ಹೋದ ಕಡೆ ಸಭೆಯಿಂದಲೇ ಬೈಗುಳ ಕೂಗುತ್ತಿದ್ದರು. ಕಂಪನಿಯೂ ಕೈಬಿಟ್ಟಿತು. ಕೊನೆಗೆ ಸೌತ್ ಕ್ಯಾರೊಲೈನಾದ ತಮ್ಮ ಊರಿಗೆ ವಾಪಸ್ ಬಂದರು, ಶಾಲಾ ಬಸ್ ಓಡಿಸಿದರು. ಆ ಬಸ್ಸಿನಲ್ಲಿ ಹೋಗುತ್ತಿದ್ದ ಎಷ್ಟು ಮಕ್ಕಳಿಗೆ ಗೊತ್ತಿತ್ತೋ, ಸ್ಟಿಯರಿಂಗ್ ಹಿಡಿದ ಅಮ್ಮ ಯಾರು ಅಂತ!

2024ರ ಮಾರ್ಚ್ 29ಕ್ಕೆ ಬಂದ 'ಕೌಬಾಯ್ ಕಾರ್ಟರ್' ಆಲ್ಬಂನಲ್ಲಿ ಬಿಯಾನ್ಸೆ ಈ ಲಿಂಡಾ ಮಾರ್ಟೆಲ್ ಅವರನ್ನು ಕರೆತಂದು ಮಾತನಾಡಿಸಿದರು. ಎಂಬತ್ತು ದಾಟಿದ ದನಿ. ನಿಧಾನ, ಗಟ್ಟಿ, ಒಳಗೊಂದು ನಗು. ಹಾಡುಗಳನ್ನು ಜಾತಿ ಮಾಡಿ ವಿಂಗಡಿಸುವುದು ವಿಚಿತ್ರ ಸಂಗತಿ ಅಲ್ಲವೇ ಅನ್ನುವ ಅರ್ಥದಲ್ಲಿ ಒಂದು ಮಾತು ಹೇಳುತ್ತಾರೆ. ಅದಕ್ಕಾಗಿ ಅವರಿಗೆ ಜೀವನದಲ್ಲಿ ಮೊದಲ ಸಲ ಗ್ರ್ಯಾಮಿ ನಾಮನಿರ್ದೇಶನ ಬಂತು, 83ನೇ ವಯಸ್ಸಿನಲ್ಲಿ.

ಬಿಯಾನ್ಸೆಗೂ ಈ ದಾರಿ ಸಲೀಸಾಗಿ ಇರಲಿಲ್ಲ. ಹುಟ್ಟಿದ್ದು ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ. 2016ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್, ಅಂದರೆ ಸಿಎಂಎ ಪ್ರಶಸ್ತಿ ಸಮಾರಂಭದಲ್ಲಿ ಹಾಡಿದಾಗ ಕಂಟ್ರಿ ಅಭಿಮಾನಿಗಳಲ್ಲಿ ಎಷ್ಟೋ ಜನ ಮುಖ ತಿರುಗಿಸಿದರು. ವರ್ಷಗಳ ಹಿಂದೆ ತನ್ನನ್ನು ಬರಮಾಡಿಕೊಳ್ಳದ ಒಂದು ಅನುಭವದಿಂದಲೇ ಈ ಆಲ್ಬಂ ಹುಟ್ಟಿತು ಅಂತ ಅವರೇ ಬರೆದುಕೊಂಡರು. 'ಟೆಕ್ಸಸ್ ಹೋಲ್ಡ್ ಎಮ್' ಬಂದ ಹೊಸದರಲ್ಲಿ ಒಕ್ಲಹೋಮದ ಒಂದು ರೇಡಿಯೋ ಕೇಂದ್ರ "ನಮ್ಮದು ಕಂಟ್ರಿ ಕೇಂದ್ರ, ಇದನ್ನು ಹಾಕುವುದಿಲ್ಲ" ಅಂದಿತ್ತು. ಕೇಳುಗರು ಗಲಾಟೆ ಮಾಡಿದ ಮೇಲೆ ಹಾಕಿತು. ಬಿಲ್‌ಬೋರ್ಡ್‌ನ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ ಮೊದಲ ಕಪ್ಪು ಮಹಿಳೆ ಬಿಯಾನ್ಸೆ ಆದರು. ಆಮೇಲೆ ಅದೇ ಜಾಗಕ್ಕೆ ಶಬೂಜಿ ಬಂದರು. ಇಬ್ಬರು ಕಪ್ಪು ಗಾಯಕರು ಅಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತದ್ದು ಅದೇ ಮೊದಲು. ಹಾಗಿದ್ದೂ 2024ರ ನವೆಂಬರ್‌ನ ಸಿಎಂಎ ಪ್ರಶಸ್ತಿಗಳಲ್ಲಿ ಬಿಯಾನ್ಸೆಗೆ ಒಂದು ನಾಮನಿರ್ದೇಶನವೂ ಇರಲಿಲ್ಲ. ನನಗೆ ಅದು ತುಂಬಾ ಬೇಜಾರಾಯಿತು. ಪ್ರಶಸ್ತಿ ಕೊಡದಿದ್ದರೆ ಬೇಡ, ಸಾಲಿನಲ್ಲಿ ಕೂರಿಸಬಹುದಿತ್ತು.

ಆಲ್ಬಂ ಪೂರ್ತಿ ನನಗೆ ಒಪ್ಪಿತವೇ? ಇಲ್ಲ. 27 ತುಣುಕುಗಳಿವೆ, ಅದು ಜಾಸ್ತಿಯಾಯಿತು. ಕೊನೆಯ ಭಾಗ ನೃತ್ಯದ ಹಾಡುಗಳ ಕಡೆ ಹೋಗುತ್ತದೆ, ನನ್ನ ಗಮನ ಅಲ್ಲಿ ನಿಲ್ಲುವುದಿಲ್ಲ. ಕಂಟ್ರಿಯ ಹಿರಿಯ ಗಾಯಕಿ ಡಾಲಿ ಪಾರ್ಟನ್ ಅವರ 1973ರ 'ಜೊಲೀನ್' ಹಾಡನ್ನು ಬದಲಿಸಿ ಹಾಡಿದ್ದಾರೆ. ಮೂಲದಲ್ಲಿ ಹೆಂಡತಿ ಇನ್ನೊಬ್ಬಳ ಹತ್ತಿರ ಬೇಡಿಕೊಳ್ಳುತ್ತಾಳೆ, ನನ್ನ ಗಂಡನನ್ನು ಕಿತ್ತುಕೊಳ್ಳಬೇಡ ಅಂತ. ಬಿಯಾನ್ಸೆಯವರ ಹಾಡಿನಲ್ಲಿ ಬೇಡುವುದಿಲ್ಲ, ಎಚ್ಚರಿಕೆ ಕೊಡುತ್ತಾಳೆ. ಅದು ಅವರ ಇಷ್ಟ. ನನಗೆ ಬೇಡುವ ಹೆಂಗಸೇ ಹೆಚ್ಚು ನಿಜ ಅನ್ನಿಸುತ್ತಾಳೆ. ಆದರೆ '16 ಕ್ಯಾರೇಜಸ್' ಕೇಳಿ. ಹದಿಹರೆಯದಲ್ಲೇ ದುಡಿಯಲು ಮನೆ ಬಿಟ್ಟ ಹುಡುಗಿಯ ಹಾಡು. ಅದು ಕಂಟ್ರಿ ಅಲ್ಲದಿದ್ದರೆ ಕಂಟ್ರಿ ಇನ್ಯಾವುದು?

ಆ ಸೋಮವಾರ ಬೆಳಿಗ್ಗೆ ನಾನು ಒಲೆ ಮೇಲಿದ್ದ ಹಾಲು ಆರಿಸಿ ಬಂದು ಕೂತಿದ್ದೆ. ಟೇಲರ್ ಸ್ವಿಫ್ಟ್ ಲಕೋಟೆ ಒಡೆದು ಹೆಸರು ಓದಿದರು. ಬಿಯಾನ್ಸೆ ಮುಖ ನೋಡಬೇಕಿತ್ತು. ಬಾಯಿ ತೆರೆದದ್ದು ತೆರೆದೇ ಇತ್ತು, ಎದ್ದು ನಿಲ್ಲಲೂ ತೋಚದ ಹಾಗೆ. ಕಂಟ್ರಿ ಆಲ್ಬಂ ವಿಭಾಗದಲ್ಲಿ ಗೆದ್ದ ಮೊದಲ ಕಪ್ಪು ಕಲಾವಿದೆ ಅವರು. ಸಮಾರಂಭದ ಕೊನೆಗೆ ವರ್ಷದ ಆಲ್ಬಂ ಪ್ರಶಸ್ತಿಯೂ ಅದಕ್ಕೇ ಬಂತು. ಅದನ್ನು ಅವರು ಲಿಂಡಾ ಮಾರ್ಟೆಲ್ ಅವರಿಗೆ ಅರ್ಪಿಸಿದರು. ನನಗೆ ಕಣ್ಣು ತುಂಬಿ ಬಂತು.

ಪ್ರಶ್ನೆ: ನಾನು ಸಾಫ್ಟ್‌ವೇರ್‌ನಲ್ಲಿದ್ದೇನೆ. ದನಿ ಹೋದ ಗಾಯಕರೊಬ್ಬರಿಗೆ ಎಐ ಬಳಸಿ ಹಾಡಿಸಿದರು ಅಂತ ಕೇಳಿದೆ. ಇದು ಮೋಸ ಅಲ್ಲವೇ?
– ಎಲೆಕ್ಟ್ರಾನಿಕ್ ಸಿಟಿ

ಅವರು ರ‍್ಯಾಂಡಿ ಟ್ರ್ಯಾವಿಸ್. 1980ರ ದಶಕದಲ್ಲಿ ಕಂಟ್ರಿಗೆ ಹಳೆಯ ಸರಳತೆ ವಾಪಸ್ ತಂದವರು. 2013ರಲ್ಲಿ ಪಾರ್ಶ್ವವಾಯು ಹೊಡೆದು ಮಾತೇ ಹೋಯಿತು. 2016ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸಿದ ದಿನ ಹೇಗೋ ಕಷ್ಟಪಟ್ಟು ಒಂದು ಭಕ್ತಿಗೀತೆ ಹಾಡಿದರು. ಅಲ್ಲಿದ್ದವರೆಲ್ಲಾ ಅತ್ತರು.

2024ರ ಮೇ ತಿಂಗಳಲ್ಲಿ 'ವೇರ್ ದಟ್ ಕೇಮ್ ಫ್ರಮ್' ಅಂತ ಅವರ ಹೊಸ ಹಾಡು ಬಂತು. ಮಾಡಿದ್ದು ಹೀಗೆ: ಇನ್ನೊಬ್ಬ ಗಾಯಕ ಜೇಮ್ಸ್ ಡುಪ್ರೆ ಪೂರ್ತಿ ಹಾಡನ್ನು ಭಾವ ತುಂಬಿ ಹಾಡಿದರು. ಟ್ರ್ಯಾವಿಸ್ ಅವರ ಹಳೆಯ ರೆಕಾರ್ಡಿಂಗ್‌ಗಳಿಂದ ಬರೀ ದನಿ ಬಿಡಿಸಿ ತೆಗೆದು ಎಐಗೆ ಕಲಿಸಿದರು. ಆ ಮೇಲೆ ಡುಪ್ರೆ ಹಾಡಿದ್ದರ ಮೇಲೆ ಟ್ರ್ಯಾವಿಸ್ ದನಿ ಕೂತಿತು. ಅವರ ಹಳೆಯ ನಿರ್ಮಾಪಕ ಕೈಲ್ ಲೆನಿಂಗ್ ಅವರೇ ಮುಂದೆ ನಿಂತು ತಿದ್ದಿದರು. ಈ ದನಿ ಹೇಗೆ ಉಸಿರು ತೆಗೆದುಕೊಳ್ಳುತ್ತದೆ, ಪದದ ಕೊನೆಯನ್ನು ಹೇಗೆ ಕೆಳಗಿಳಿಸುತ್ತದೆ ಅಂತ ಗೊತ್ತಿದ್ದವರು ಅವರು. ಟ್ರ್ಯಾವಿಸ್ ಒಪ್ಪಿಗೆ ಇತ್ತು.

ಅಲ್ಲೇ ಇರುವುದು ನಿಮ್ಮ ಪ್ರಶ್ನೆಗೆ ಉತ್ತರ. ದನಿಯ ಯಜಮಾನ ಒಪ್ಪಿದ್ದರೆ ಮೋಸ ಅಲ್ಲ. ಕೇಳದೆ ತೆಗೆದರೆ ಕಳ್ಳತನ. ಅದೇ ವರ್ಷ ಮಾರ್ಚ್‌ನಲ್ಲಿ ಟೆನಸಿ ರಾಜ್ಯ ಇದಕ್ಕೆಂದೇ ಒಂದು ಕಾನೂನು ಮಾಡಿತು, ಹೆಸರು ಎಲ್ವಿಸ್ ಕಾಯ್ದೆ. ಒಬ್ಬರ ದನಿಯನ್ನು ಅವರ ಒಪ್ಪಿಗೆ ಇಲ್ಲದೆ ಯಂತ್ರದಲ್ಲಿ ನಕಲು ಮಾಡುವಂತಿಲ್ಲ. ಜುಲೈ 1ರಿಂದ ಜಾರಿಗೆ ಬಂತು. ತೀರಿಹೋದ ನಮ್ಮ ಗಾಯಕರ ದನಿಯಲ್ಲಿ ಯಾರ‍್ಯಾರೋ ಏನೇನೋ ಹಾಡಿಸಿ ಮೊಬೈಲ್‌ನಲ್ಲಿ ಹರಿಬಿಡುವುದನ್ನು ದಿನಾ ನೋಡುತ್ತಿದ್ದೇವೆ. ಅಂಥ ಕಾನೂನು ನಮಗೂ ಬೇಕು. ನಿಮ್ಮಂಥ ಎಂಜಿನಿಯರುಗಳೇ ಅದನ್ನು ಜೋರಾಗಿ ಕೇಳಬೇಕು ತಮ್ಮಾ.

ಪ್ರಶ್ನೆ: ನನಗೆ 74 ವರ್ಷ. ನಮ್ಮ ಕಾಲಕ್ಕೆ ಕಂಟ್ರಿ ಅಂದರೆ ಜಿಮ್ ರೀವ್ಸ್. ಕಂಟೋನ್ಮೆಂಟಿನ ಮನೆಮನೆಯಲ್ಲಿ ಅವರ ದನಿ ಇತ್ತು. ಈಗ ಹಾಗೆ ಮೆತ್ತಗೆ ಹಾಡುವವರು ಇದ್ದಾರಾ ತಾಯಿ?
– ಲಿಂಗರಾಜಪುರ

ನಿಮ್ಮ ಪತ್ರ ಎರಡು ಸಲ ಓದಿದೆ ಸರ್. 2024ರ ಜುಲೈ 31ಕ್ಕೆ ರೀವ್ಸ್ ತೀರಿಕೊಂಡು 60 ವರ್ಷ ಆಯಿತು. ಮಳೆಗಾಳಿಯಲ್ಲಿ ಸಿಕ್ಕಿ ನ್ಯಾಶ್‌ವಿಲ್ ಹತ್ತಿರ ಅವರೇ ಓಡಿಸುತ್ತಿದ್ದ ಸಣ್ಣ ವಿಮಾನ ಬಿತ್ತು. ಆಗ ಬರೀ 40 ವರ್ಷ ವಯಸ್ಸು.

ನಾನು ಬೆಳೆದದ್ದೂ ಆ ಕಡೆಯೇ, ಫ್ರೇಜರ್ ಟೌನಿನ ಒಂದು ವಠಾರದಲ್ಲಿ. ಅಪ್ಪ ಬಟ್ಟೆ ಮಿಲ್ಲಿನಲ್ಲಿದ್ದರು. ನಾನು ಓದಿದ್ದು ಕನ್ನಡ ಮೀಡಿಯಂ. ಎದುರು ಮನೆಯಲ್ಲಿ ಒಬ್ಬರು ಆಂಗ್ಲೋ ಇಂಡಿಯನ್ ಆಂಟಿ ಇದ್ದರು. ಡಿಸೆಂಬರ್ ಬಂತೆಂದರೆ ಅವರ ಮನೆಯಿಂದ ಕಲ್‌ಕಲ್ ಕರಿಯುವ ವಾಸನೆ, ಜೊತೆಗೆ ರೀವ್ಸ್ ಅವರ ಕ್ರಿಸ್‌ಮಸ್ ರೆಕಾರ್ಡು. ನನಗೆ 11 ವರ್ಷ ಇರಬೇಕು. 'ಹೀಲ್ ಹ್ಯಾವ್ ಟು ಗೋ' ಹಾಡು ಬರೆದುಕೊಳ್ಳಬೇಕು ಅಂತ ಆಸೆ. ಇಂಗ್ಲಿಷ್ ಸ್ಪೆಲಿಂಗ್ ಬರುತ್ತಿರಲಿಲ್ಲ, ಕನ್ನಡ ಅಕ್ಷರದಲ್ಲೇ ಬರೆದೆ. ಆಂಟಿ ಒಂದೊಂದು ಸಾಲಿಗೂ ರೆಕಾರ್ಡಿನ ಮುಳ್ಳು ಎತ್ತಿ, ನಾನು ಬರೆಯುವ ತನಕ ಕಾದು, ಮತ್ತೆ ಇಡುತ್ತಿದ್ದರು. ಹಾಡಿನಲ್ಲಿ ಜ್ಯೂಕ್‌ಬಾಕ್ಸ್ ಅಂತ ಬರುತ್ತದಲ್ಲ, ಅದೇನು ಅಂತ ಕೇಳಿದೆ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ, ಕಾಸು ಹಾಕಿದರೆ ಹಾಡುವ ಒಂದು ಪೆಟ್ಟಿಗೆಯ ಚಿತ್ರ ಬರೆದರು. ಕಾಸು ಹಾಕುವ ಕಿಂಡಿಗೆ ಬಾಣದ ಗುರುತು ಹಾಕಿದರು. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಪುಟಗಳು ಹಳದಿಯಾಗಿವೆ, ಬಾಣ ಮಾಸಿಲ್ಲ.

ಆ ಹಾಡಿನ ಗುಟ್ಟು ಆಮೇಲೆ ಗೊತ್ತಾಯಿತು. ರೀವ್ಸ್ ಮೊದಲು ಗಟ್ಟಿಯಾಗಿ ಹಾಡುತ್ತಿದ್ದವರು. ಆಮೇಲೆ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು, ದನಿ ಇಳಿಸಿ ಹಾಡತೊಡಗಿದರು. ಬಾರಿನಿಂದ ಒಬ್ಬ ಗಂಡಸು ಪ್ರೀತಿಸಿದವಳಿಗೆ ಫೋನ್ ಮಾಡಿ ಮಾತಾಡುವ ಹಾಡು ಅದು. ಫೋನಿನಲ್ಲಿ ಯಾರಾದರೂ ಕೂಗುತ್ತಾರಾ? ನಿರ್ಮಾಪಕ ಚೆಟ್ ಆಟ್ಕಿನ್ಸ್ ವಾದ್ಯಗಳನ್ನೂ ಹಿಂದೆ ಸರಿಸಿ ಆ ದನಿಗೆ ಜಾಗ ಬಿಟ್ಟರು. 1960ರಲ್ಲಿ ಅದು ಕಂಟ್ರಿ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು.

ಈಗ ಹಾಗೆ ಹಾಡುವವರು ಕಡಿಮೆ ಸರ್. ಹಾಗಿದ್ದೂ ನಿಮಗಾಗಿ ಇಬ್ಬರನ್ನು ಹೇಳುತ್ತೇನೆ. ಚಾರ್ಲಿ ಕ್ರಾಕೆಟ್, ಟೆಕ್ಸಸ್‌ನವರು, 2024ರ ಏಪ್ರಿಲ್‌ನಲ್ಲಿ '10 ಡಾಲರ್ ಕೌಬಾಯ್' ಅಂತ ಆಲ್ಬಂ ತಂದರು. ಹಳೆಯ ಕಾಲದ ನಡಿಗೆ ಇದೆ. ಇನ್ನೊಬ್ಬರು ನಿಮಗೂ ಹಿರಿಯರು, ವಿಲ್ಲಿ ನೆಲ್ಸನ್. 91ರ ವಯಸ್ಸಿನಲ್ಲಿ ಅದೇ ವರ್ಷ ಎರಡು ಆಲ್ಬಂ ತಂದರು. ನವೆಂಬರ್‌ನಲ್ಲಿ ಬಂದ 'ಲಾಸ್ಟ್ ಲೀಫ್ ಆನ್ ದ ಟ್ರೀ' ರಾತ್ರಿ ಊಟವಾದ ಮೇಲೆ ದೀಪ ಸಣ್ಣ ಮಾಡಿ ಕೇಳಿ. ಅವರ ಗಿಟಾರಿನ ಹೆಸರು ಟ್ರಿಗರ್. 1969ರಿಂದ ಅದೊಂದೇ. ಬಾರಿಸಿ ಬಾರಿಸಿ ಮರ ಸವೆದು ಇನ್ನೊಂದು ತೂತು ಬಿದ್ದಿದೆ. ಆ ತೂತಿನ ಮೂಲಕವೂ ನಾದ ಬರುತ್ತದೆ ಅನ್ನಿಸುತ್ತದೆ ನನಗೆ.

ಪ್ರಶ್ನೆ: ಕಂಟ್ರಿ ಹಾಡುಗಳ ಹಿಂದೆ ಯಾರೋ ಅಳುವ ಹಾಗೆ ಒಂದು ವಾದ್ಯ ಕೇಳಿಸುತ್ತದಲ್ಲ, ಅದು ಯಾವುದು? ಪಿಟೀಲಾ?
– ಮಲ್ಲೇಶ್ವರ

ಅದು ಪೆಡಲ್ ಸ್ಟೀಲ್. ಗಿಟಾರಿನ ಜಾತಿಯೇ, ಆದರೆ ಮೇಜಿನ ಹಾಗೆ ಕಾಲುಗಳ ಮೇಲೆ ನಿಲ್ಲಿಸಿರುತ್ತಾರೆ. ಸಾಮಾನ್ಯವಾಗಿ 10 ತಂತಿ. ಎಡಗೈಯಲ್ಲಿ ನುಣುಪಾದ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಾರೆ. ಕೆಳಗೆ ಪೆಡಲ್‌ಗಳಿವೆ, ಮೊಣಕಾಲಿಗೆ ತಾಗುವ ಹಿಡಿಗಳಿವೆ. ಒಂದು ಸ್ವರ ನಿಂತೇ ಇರುತ್ತದೆ, ಪಕ್ಕದ ಸ್ವರ ಕಾಲಿನ ಒತ್ತಿಗೆ ಮೆಲ್ಲಗೆ ಏರುತ್ತದೆ. ಆ ಬಿಕ್ಕು ಬರುವುದು ಅಲ್ಲಿಂದ.

ಗೋಟುವಾದ್ಯ ಕೇಳಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಮೆಟ್ಟಿಲಿಲ್ಲದ ವೀಣೆಯ ಮೇಲೆ ಕೊರಡು ಜಾರಿಸಿ ಗಮಕ ತೆಗೆಯುತ್ತಾರಲ್ಲ, ಅದೇ ಬಗೆ. ಅಮೆರಿಕಕ್ಕೆ ಈ ಜಾರಿಸುವ ಕಲೆ ಬಂದದ್ದು ಹವಾಯಿ ದ್ವೀಪದಿಂದ. ಅದೇ ಹವಾಯಿ ಗಿಟಾರು ನಮ್ಮ ದೇಶಕ್ಕೂ ಬಂತು, ಇಲ್ಲಿ ರಾಗ ನುಡಿಸತೊಡಗಿತು. ವಿಶ್ವಮೋಹನ ಭಟ್ಟರು ಅಮೆರಿಕದ ರೈ ಕೂಡರ್ ಜೊತೆ ಕೂತು ನುಡಿಸಿದ ಆಲ್ಬಂಗೆ 1994ರಲ್ಲಿ ಗ್ರ್ಯಾಮಿ ಬಂತು.

ಮನೆಯಲ್ಲಿ ಗಿಟಾರ್ ಇದ್ದರೆ ಹೀಗೆ ಮಾಡಿ. ತೊಡೆಯ ಮೇಲೆ ಮಲಗಿಸಿ. ಸಣ್ಣ ಸ್ಟೀಲ್ ಲೋಟ ತೆಗೆದುಕೊಂಡು ಅದರ ಪಕ್ಕವನ್ನು ತಂತಿಗೆ ಮುಟ್ಟಿಸಿ. ಒತ್ತಬೇಡಿ, ಸುಮ್ನೆ ತಾಗಿಸಿ. ಬಲಗೈಯಲ್ಲಿ ಒಂದು ತಂತಿ ಮೀಟಿ ಲೋಟವನ್ನು ನಿಧಾನಕ್ಕೆ ಮೇಲಕ್ಕೆ ಎಳೆಯಿರಿ. ಮೊದಲು ಕಿರಕಿರ ಅನ್ನುತ್ತದೆ. ಹತ್ತು ಸಲ ಆದ ಮೇಲೆ ಒಂದು ಸಲ ಹಾಡುತ್ತದೆ.

ಪ್ರಶ್ನೆ: ಕನ್ನಡ ಪತ್ರಿಕೆಯಲ್ಲಿ ಅಮೆರಿಕದ ಹಾಡಿಗೆ ಇಷ್ಟು ಜಾಗ ಯಾಕೆ?
– ವಿಜಯನಗರ

ಈ ಹಾಡುಗಳು ಬೆಂಗಳೂರಿನ ಒಂದು ಭಾಗದಲ್ಲಿ ಎಷ್ಟೋ ದಶಕಗಳಿಂದ ಇವೆ. ಅದನ್ನು ಕನ್ನಡದಲ್ಲಿ ಯಾರೂ ಬರೆಯದಿದ್ದರೆ ಆ ಭಾಗ ನಮ್ಮ ಊರಿನ ನೆನಪಿನಿಂದಲೇ ಬಿಟ್ಟುಹೋಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಅವು ಕನ್ನಡ ಅಕ್ಷರದಲ್ಲೇ ಇವೆ ಸರ್.

ಪ್ರಶ್ನೆ: ವರ್ಷದಲ್ಲಿ ತೀರಿಕೊಂಡವರ ಬಗ್ಗೆ ಬರೆಯಿರಿ.
– ಯಲಹಂಕ

2024ರ ಫೆಬ್ರವರಿ 5ರಂದು ಗಾಯಕ ಟೋಬಿ ಕೀತ್ ಹೋದರು. 62 ವರ್ಷ, ಹೊಟ್ಟೆಯ ಕ್ಯಾನ್ಸರ್. ಒಕ್ಲಹೋಮದ ಎಣ್ಣೆ ಬಾವಿಗಳಲ್ಲಿ ದುಡಿದು ಹಾಡಿಗೆ ಬಂದವರು. ಹಾಲ್ ಆಫ್ ಫೇಮ್‌ಗೆ ಅವರು ಆಯ್ಕೆಯಾದರು ಅನ್ನುವ ಸುದ್ದಿ ಹೊರಬಿದ್ದದ್ದು ಮಾರ್ಚ್‌ನಲ್ಲಿ. ಕಿವಿಯಾರೆ ಕೇಳಲು ಅವರು ಇರಲಿಲ್ಲ.

ನನಗೆ ಹೆಚ್ಚು ನೋವಾದದ್ದು ಸೆಪ್ಟೆಂಬರ್ 28ರಂದು. ಕ್ರಿಸ್ ಕ್ರಿಸ್ಟಾಫರ್ಸನ್, 88 ವರ್ಷ. ಆಕ್ಸ್‌ಫರ್ಡ್‌ನಲ್ಲಿ ಸಾಹಿತ್ಯ ಓದಿದವರು. ಸೈನ್ಯದಲ್ಲಿ ಹೆಲಿಕಾಪ್ಟರ್ ಓಡಿಸಿದರು. ಮಿಲಿಟರಿ ಅಕಾಡೆಮಿಯಲ್ಲಿ ಸಾಹಿತ್ಯ ಕಲಿಸುವ ಕೆಲಸ ಸಿಕ್ಕಿತ್ತು. ಅದನ್ನು ಬಿಟ್ಟು ನ್ಯಾಶ್‌ವಿಲ್‌ಗೆ ಹೋಗಿ ಒಂದು ಸ್ಟುಡಿಯೋದಲ್ಲಿ ಕಸ ಗುಡಿಸುವ, ಆ್ಯಶ್‌ಟ್ರೇ ಖಾಲಿ ಮಾಡುವ ಕೆಲಸಕ್ಕೆ ಸೇರಿದರು. ಹಾಡು ಬರೆಯಬೇಕು, ಅಷ್ಟೇ. ತಾವು ಬರೆದ ಹಾಡುಗಳನ್ನು ಕಂಟ್ರಿಯ ದೊಡ್ಡ ಗಾಯಕ ಜಾನಿ ಕ್ಯಾಶ್ ಗಮನಿಸಲಿ ಅಂತ ಒಂದು ದಿನ ಅವರ ಮನೆಯ ಅಂಗಳದಲ್ಲೇ ಹೆಲಿಕಾಪ್ಟರ್ ಇಳಿಸಿದರು. ಆಮೇಲೆ ಕ್ಯಾಶ್ ಹಾಡಿದ 'ಸಂಡೇ ಮಾರ್ನಿಂಗ್ ಕಮಿಂಗ್ ಡೌನ್' 1970ರಲ್ಲಿ ಸಿಎಂಎ ವರ್ಷದ ಹಾಡು ಆಯಿತು. ಭಾನುವಾರ ಬೆಳಿಗ್ಗೆ ಒಂಟಿ ಗಂಡಸೊಬ್ಬ ಇದ್ದುದರಲ್ಲಿ ಮಾಸಿರದ ಅಂಗಿ ಹುಡುಕಿ ಹಾಕಿಕೊಂಡು ಬೀದಿಗಿಳಿಯುತ್ತಾನೆ. ಯಾರದೋ ಮನೆಯಿಂದ ಕೋಳಿ ಕರಿಯುವ ವಾಸನೆ ಬರುತ್ತದೆ. ಅಷ್ಟಕ್ಕೇ ಅವನಿಗೆ ತಾನು ಕಳೆದುಕೊಂಡದ್ದೆಲ್ಲಾ ನೆನಪಾಗುತ್ತದೆ. ಒಂದು ವಾಸನೆಯಿಂದ ಪೂರ್ತಿ ಬದುಕು ಹೇಳುವುದು ಸಣ್ಣ ಮಾತಲ್ಲ.

ಪ್ರಶ್ನೆ: ದಿನಾ ಮೆಟ್ರೋದಲ್ಲಿ ಮುಕ್ಕಾಲು ಗಂಟೆ ಸಿಗುತ್ತದೆ. ಒಂದೇ ಒಂದು ಆಲ್ಬಂ ಹೇಳಿ ಅಕ್ಕಾ.
– ಬೈಯಪ್ಪನಹಳ್ಳಿ

ಕೇಸಿ ಮಸ್‌ಗ್ರೇವ್ಸ್ ಅವರ 'ಡೀಪರ್ ವೆಲ್'. 2024ರ ಮಾರ್ಚ್‌ನಲ್ಲಿ ಬಂತು. ಅದರಲ್ಲಿ 'ದಿ ಆರ್ಕಿಟೆಕ್ಟ್' ಅಂತ ಒಂದು ಸಣ್ಣ ಹಾಡಿದೆ, 2025ರ ಕಂಟ್ರಿ ಹಾಡಿನ ಗ್ರ್ಯಾಮಿ ಅದಕ್ಕೇ ಬಂದದ್ದು. ಒಂದು ಸೇಬು ಹಣ್ಣು ನೋಡಿ, ಇದನ್ನೆಲ್ಲಾ ಯೋಚಿಸಿ ಮಾಡಿದವರು ಯಾರಾದರೂ ಇದ್ದಾರಾ ಅಂತ ಕೇಳುತ್ತಾರೆ. ಬೆಟ್ಟದ ತುದಿಯ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು ಅಂತ ಕನಕದಾಸರು ಕೇಳಿದ್ದು ನೆನಪಾಯಿತು. ದಾಸರಿಗೆ ಉತ್ತರ ಗೊತ್ತಿತ್ತು. ಈ ಹುಡುಗಿಗೆ ಗೊತ್ತಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಅದಕ್ಕೇ ಹಾಡು ಇಷ್ಟವಾಗುತ್ತದೆ.

ಸಮಯ ಉಳಿದರೆ ಸಿಯೆರಾ ಫೆರೆಲ್ ಅವರ 'ಟ್ರೇಲ್ ಆಫ್ ಫ್ಲವರ್ಸ್'. ಬೀದಿಯಲ್ಲಿ ಹಾಡಿ, ವ್ಯಾನಿನಲ್ಲಿ ಮಲಗಿ ಬೆಳೆದವರು, 2025ರಲ್ಲಿ ನಾಲ್ಕು ಗ್ರ್ಯಾಮಿ ಅವರ ಪಾಲಾಯಿತು. ಪೋಸ್ಟ್ ಮಲೋನ್ ಮತ್ತು ಮಾರ್ಗನ್ ವಾಲನ್ ಸೇರಿ ಹಾಡಿದ ಹಾಡು 2024ರ ಬೇಸಿಗೆಯಲ್ಲಿ 6 ವಾರ ಹಾಟ್ 100ರ ತುದಿಯಲ್ಲಿತ್ತು, ಅದನ್ನೂ ಹೇಳಿ ಅಂತ ಮೂವರು ಬರೆದಿದ್ದಾರೆ. ಕೇಳಲು ಚೆನ್ನಾಗಿದೆ. ನಿಲ್ದಾಣದಲ್ಲಿ ಇಳಿದ ಮೇಲೆ ನನ್ನ ಜೊತೆ ಬರಲಿಲ್ಲ.

ಪ್ರಶ್ನೆ: ನಾನು ಸುಗಮ ಸಂಗೀತ ಹಾಡುತ್ತೇನೆ, ಸ್ವಲ್ಪ ಬರೆಯುತ್ತೇನೆ. ಕನ್ನಡದಲ್ಲಿ ಕಂಟ್ರಿ ತರಹದ ಹಾಡು ಬರೆಯಲು ನೋಡಿದೆ. ಬರೀ ಅನುವಾದದ ಹಾಗೆ ಕೇಳಿಸುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
– ಹನುಮಂತನಗರ

ನೀವು ಕಳಿಸಿದ ಹಾಡು ಓದಿದೆ. ಅದರಲ್ಲಿ ಕುದುರೆ ಇದೆ, ಹೆದ್ದಾರಿ ಇದೆ, ವಿಸ್ಕಿ ಇದೆ. ನಿಮ್ಮ ಹನುಮಂತನಗರ ಇಲ್ಲ. ಮೊದಲು ಅವುಗಳನ್ನು ತೆಗೆಯಿರಿ.

ಹಾರ್ಲನ್ ಹೋವರ್ಡ್ ಅನ್ನುವ ಹಾಡು ಬರೆಯುವವರೊಬ್ಬರು ಕಂಟ್ರಿ ಅಂದರೆ ಮೂರು ಕಾರ್ಡ್ (ಗಿಟಾರಿನಲ್ಲಿ ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಮತ್ತು ಸತ್ಯ ಅಂದಿದ್ದರು. ಮೂರು ಕಾರ್ಡ್ ನಿಮಗೆ ಆಗಲೇ ಬರುತ್ತವೆ. ಇನ್ನು ಭಾಷೆಯ ವಿಷಯ. ಇಂಗ್ಲಿಷ್‌ನಲ್ಲಿ ಸಾಲು ಒಂದು ವಸ್ತುವಿನ ಹೆಸರಿನ ಮೇಲೆ ನಿಲ್ಲಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ. ನಿಮ್ಮ ಎಂಟು ಸಾಲೂ 'ಹೋದೆ, ಬಂದೆ, ನಿಂತೆ' ಅಂತಲೇ ಮುಗಿದಿವೆ. ಪ್ರಾಸ ಸುಲಭವಾಗಿ ಸಿಕ್ಕಿತು, ಆದ್ದರಿಂದ ಕಿವಿಗೆ ಏನೂ ಸಿಗಲಿಲ್ಲ. ಸಾಲಿನ ಕೊನೆಯ ಪ್ರಾಸ ಬಿಟ್ಟು ನಮ್ಮ ಹಳೆಯ ಎರಡನೇ ಅಕ್ಷರದ ಪ್ರಾಸ ಹಿಡಿಯಿರಿ. ನಮ್ಮ ತ್ರಿಪದಿಗಳು, ಜನಪದ ಹಾಡುಗಳು ನಿಂತಿರುವುದೇ ಅದರ ಮೇಲೆ. ಸಾಲಿನ ಶುರುವಿನಲ್ಲೇ ಗಂಟು ಬೀಳುವುದರಿಂದ ಕೊನೆ ಬಿಡುವಾಗಿರುತ್ತದೆ, ಅಲ್ಲಿ ಒಂದು ವಸ್ತು ಇಡಬಹುದು. ತೋರಿಸಲೆಂದು ನಾನೇ ಎರಡು ಸಾಲು ಬರೆದೆ:

ಮಳೆ ನಿಂತ ಮೇಲೆ ಮೆಜೆಸ್ಟಿಕ್ಕಿನಲ್ಲಿ ಕೊನೆಯ ಬಸ್ಸು
ಹಳೆ ಚೀಲದೊಳಗೆ ಮಡಚಿಟ್ಟ ಅಪ್ಪನ ಕಾಗದ

ಕ್ರಿಯಾಪದ ಇಲ್ಲ. ಬಸ್ಸಿದೆ, ಕಾಗದ ಇದೆ. ಆ ಕಾಗದದಲ್ಲಿ ಏನಿತ್ತು ಅಂತ ಮೂರನೇ ಸಾಲು ನೀವು ಬರೆಯಿರಿ. ಬೇರೆ ಓದುಗರೂ ಬರೆಯಬಹುದು. ಬರುವ ತಿಂಗಳ 15ರೊಳಗೆ ಕಳಿಸಿ. ನಮ್ಮ ಬೀದಿಯಲ್ಲಿ ಗಿಟಾರ್ ನುಡಿಸುವ ಹುಡುಗನೊಬ್ಬನಿದ್ದಾನೆ. ಬಂದವುಗಳನ್ನು ಅವನ ಜೊತೆ ಕೂತು ಹಾಡಿ ನೋಡುತ್ತೇನೆ.